ವೇಂಬನಾಡಿನ ಬೋಟಿನಲ್ಲಿ ಅಂತರ್ಜಾಲ

ಎರ್ನಾಕುಳಂನ ಉಚ್ಚ ನ್ಯಾಯಾಲಯದಲ್ಲಿ ಕೆಲಸ ಬೇಗನೆ ಮುಗಿದರೆ ನಾನು ನೇರವಾಗಿ ಕಾಸರಗೋಡಿನ ರೈಲು ಹಿಡಿಯುವುದಿಲ್ಲ. ಆಲಪ್ಪುಳಕ್ಕೆ ಹೋಗಿ, ಅಲ್ಲಿಂದ ಜಲಸಾರಿಗೆ ಇಲಾಖೆಯ ಬೋಟಿನಲ್ಲಿ ಕೋಟ್ಟಯಂ ಸೇರಿ, ರಾತ್ರಿ ಉತ್ತರಕ್ಕೆ ಹೊರಡುವ ರೈಲು ಹತ್ತುವುದು ರೂಢಿ. ಬೋಟಿನದು ಸುಮಾರು ಎರಡೂವರೆ ಗಂಟೆಯ ಹಾದಿ. ಈ ಇಲಾಖೆ 1968ರಲ್ಲಿ ಸ್ಥಾಪನೆಯಾದದ್ದು. ಅದರ ಕೇಂದ್ರ ಕಚೇರಿಯೂ ಆಲಪ್ಪುಳದಲ್ಲೇ ಇದೆ.

ಪುನ್ನಮಡ ಕಾಯಲಿನವರೆಗೆ ಇಕ್ಕೆಲಗಳಲ್ಲೂ ಹೌಸ್‌ಬೋಟುಗಳ ಸಾಲು. ಒಂದು ಕಾಲದಲ್ಲಿ ಕುಟ್ಟನಾಡಿನ ಅಕ್ಕಿಯನ್ನು ಕೊಚ್ಚಿಗೆ ಸಾಗಿಸುತ್ತಿದ್ದ ಕೆಟ್ಟುವಳ್ಳಗಳೇ ಇಂದು ಹಾಸಿಗೆ, ಹವಾನಿಯಂತ್ರಣ, ವೈಫೈ ಎಂದೆಲ್ಲ ಫಲಕ ತೂಗುಹಾಕಿಕೊಂಡಿವೆ. ಅವುಗಳನ್ನು ದಾಟಿದ ಮೇಲೆ ವೇಂಬನಾಡು ತೆರೆದುಕೊಳ್ಳುತ್ತದೆ. ಕಾಯಲಿನೊಳಗೆ ಬದು ಕಟ್ಟಿ ಎಬ್ಬಿಸಿದ ಆರ್ ಬ್ಲಾಕಿನ ಬಳಿ ಬಂದಾಗ ಒಂದು ವಿಚಿತ್ರ ನೋಟ: ಬೋಟು ಎತ್ತರದಲ್ಲಿದೆ, ಗದ್ದೆ ತಗ್ಗಿನಲ್ಲಿದೆ. ಸಮುದ್ರಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ಈ ಕೃಷಿಪದ್ಧತಿಗೆ 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಮನ್ನಣೆಯೂ ದೊರೆತಿದೆ. ಇಲ್ಲಿಯ ಎಷ್ಟೋ ಮನೆಗಳ ಅಂಗಳಕ್ಕೆ ಇಂದಿಗೂ ಬಸ್ಸಿಲ್ಲ. ಶಾಲೆ, ಆಸ್ಪತ್ರೆ, ಪಡಿತರ, ಎಲ್ಲಕ್ಕೂ ಬೋಟೇ ಗತಿ.

ಹಳೆಯ ಬೋಟುಗಳಲ್ಲಿ ಚುಕ್ಕಾಣಿ ಹಿಡಿದ ಸ್ರಾಂಕ್, ಯಂತ್ರದ ಬಳಿ ಕುಳಿತ ಡ್ರೈವರನಿಗೆ ಹಗ್ಗ ಎಳೆದು ಗಂಟೆ ಬಾರಿಸಿ ಸಂಜ್ಞೆ ಕೊಡುತ್ತಾನೆ. ವೇಗ ತಗ್ಗಿಸು, ನಿಲ್ಲಿಸು, ಹಿಂದಕ್ಕೆ ತೆಗೆ ಎಂಬುದೆಲ್ಲ ಆ ಗಂಟೆಯಲ್ಲೇ ತಿಳಿಯುತ್ತದೆ. ಆ ಸಂಪರ್ಕ ಕಡಿದುಹೋದದ್ದನ್ನು ನಾನು ಕಂಡಿಲ್ಲ. ಪ್ರಯಾಣಿಕರ ಕೈಯಲ್ಲಿರುವ ದೂರವಾಣಿಯ ಸಂಪರ್ಕದ ಬಗ್ಗೆ ಈ ಮಾತು ಹೇಳಲಾರೆ. ಕಳೆದ ಸಲ ನನ್ನೆದುರಿಗೆ ಕುಳಿತಿದ್ದ ಯುವತಿಯೊಬ್ಬಳು ಲೋಕಸೇವಾ ಆಯೋಗದ ಅರ್ಜಿಯೊಂದನ್ನು ತುಂಬುತ್ತಿದ್ದಳು. ಪರದೆಯ ಮೇಲೆ ಸಿಗ್ನಲಿನ ಗೆರೆಗಳು ಎರಡು ಮೂರು ಕಾಣುತ್ತಿದ್ದವು; ಅರ್ಜಿ ಮಾತ್ರ ಹೋಗಲೊಲ್ಲದು. ಆಕೆ ಎದ್ದು ಬೋಟಿನ ತುದಿಗೆ ಹೋಗಿ ಕೈಯೆತ್ತಿ ನಿಂತಳು. ಲಸ್ಕರ್ ಒಳಗೆ ಬಂದು ಕೂರುವಂತೆ ಗದರಿದ. ಅವನ ಗದರಿಕೆ ನ್ಯಾಯವಾದದ್ದೇ.

ಗೆರೆಗಳಿದ್ದೂ ಅರ್ಜಿ ಹೋಗದಿರುವುದಕ್ಕೆ ಕಾರಣವಿದೆ. ಗೋಪುರದ ಧ್ವನಿ ದೊಡ್ಡದು, ಕೈಯಲ್ಲಿರುವ ದೂರವಾಣಿಯದು ಕ್ಷೀಣ. ಗೋಪುರ ಹೇಳಿದ್ದು ನಮಗೆ ಕೇಳಿಸುತ್ತದೆ, ನಾವು ಹೇಳಿದ್ದು ಅದಕ್ಕೆ ಕೇಳಿಸುವುದಿಲ್ಲ. ಗೋಪುರಗಳ ಆಂಟೆನಾಗಳು ಊರು ರಸ್ತೆಗಳತ್ತ ಬಾಗಿರುತ್ತವೆ. ಕಾಯಲಿನ ಪಾಲಿಗೆ ಬರುವುದು ಉಳಿದದ್ದು. ಜೊತೆಗೆ ನೀರು ರೇಡಿಯೋ ಅಲೆಗಳಿಗೆ ಕನ್ನಡಿಯಿದ್ದಂತೆ. ನೇರ ಬಂದ ಅಲೆಯೂ ನೀರಿಗೆ ತಾಗಿ ಬಂದ ಅಲೆಯೂ ಕೆಲವೆಡೆ ಒಂದನ್ನೊಂದು ಅಳಿಸಿಬಿಡುತ್ತವೆ. ಆದರೂ ಅಡ್ಡಲಾಗಿ ಮರವಾಗಲಿ ಕಟ್ಟಡವಾಗಲಿ ಇಲ್ಲದ ಕಾಯಲು ಗುಡ್ಡಗಾಡಿನಷ್ಟು ಕಠಿಣವಾದ ಜಾಗವೇನಲ್ಲ. ಬೋಟಿನ ಮಾಡಿನ ಮೇಲೆ ಒಳ್ಳೆಯ ಆಂಟೆನಾ, ಅದಕ್ಕೆ ಎರಡು ಬೇರೆ ಬೇರೆ ಕಂಪೆನಿಗಳ ಸಿಮ್ ಹಾಕಿದ ರೂಟರು, ಒಳಗೆ ವೈಫೈ: ಇಷ್ಟು ಸಾಕು. ಒಂದೆರಡು ಬಲ್ಬುಗಳಿಗೆ ತಗಲುವಷ್ಟು ವಿದ್ಯುತ್ತು ಬೇಕು. ವೈಕಂ–ತವಣಕ್ಕಡವು ನಡುವೆ 2017ರಿಂದ 75 ಮಂದಿಯನ್ನು ಹೊತ್ತು ಓಡುತ್ತಿರುವ ಸೌರಬೋಟು ‘ಆದಿತ್ಯ’ಕ್ಕೆ ಇದೊಂದು ಹೊರೆಯೆನಿಸದು.

ಕಾನೂನಿನ ಬಾಗಿಲಂತೂ ತೆರೆದೇ ಇದೆ. ಅಂತರ್ಜಾಲವನ್ನು ಪಡೆಯುವ ಹಕ್ಕು ಶಿಕ್ಷಣದ ಹಕ್ಕಿಗೂ ಸಂವಿಧಾನದ 21ನೆಯ ವಿಧಿಯ ಖಾಸಗಿತನದ ಹಕ್ಕಿಗೂ ಸೇರಿದ್ದು ಎಂದು ಕೇರಳ ಉಚ್ಚ ನ್ಯಾಯಾಲಯವು 2019ರಲ್ಲಿ ಫಹೀಮಾ ಶಿರಿನ್ ಪ್ರಕರಣದಲ್ಲಿ ಹೇಳಿತು. ವಿಮಾನಗಳಲ್ಲೂ ಸಮುದ್ರಯಾನದ ಹಡಗುಗಳಲ್ಲೂ ಅಂತರ್ಜಾಲ ಒದಗಿಸಲು ಕೇಂದ್ರ ಸರಕಾರವು 2018ರಲ್ಲೇ ನಿಯಮಾವಳಿ ಹೊರಡಿಸಿದೆ. 2020ರ ಡಿಸೆಂಬರಿನಲ್ಲಿ ಮಂಜೂರಾದ ಪಿಎಂ-ವಾಣಿ ಯೋಜನೆಯ ಪ್ರಕಾರ ಚಹಾದಂಗಡಿಯವನೂ ಪರವಾನಗಿಯಿಲ್ಲದೆ, ಶುಲ್ಕವಿಲ್ಲದೆ ಸಾರ್ವಜನಿಕ ವೈಫೈ ಕೊಡಬಹುದು. ವಿದ್ಯುತ್ ಮಂಡಳಿಯ ಕಂಬಗಳ ಮೇಲೆ ಫೈಬರ್ ಎಳೆದ ಕೆ-ಫೋನ್ 2023ರ ಜೂನಿನಲ್ಲಿ ಉದ್ಘಾಟನೆಗೊಂಡಿತು. ಕಂಬ ಬಂದಿರುವ ಜೆಟ್ಟಿಗೆ ಫೈಬರ್ ಬರಲಾರದೆಂದರೆ ನಂಬುವುದು ಹೇಗೆ? ನನ್ನ ಅಭಿಪ್ರಾಯದಲ್ಲಿ ಮೊದಲು ಆಗಬೇಕಾದ್ದು ಜೆಟ್ಟಿಯಲ್ಲಿ, ಅನಂತರ ನಿತ್ಯದ ಬೋಟಿನಲ್ಲಿ. ಪ್ರವಾಸಿಯ ಕೋಣೆಗೆ ಅದನ್ನು ಹೌಸ್‌ಬೋಟಿನ ಮಾಲೀಕ ಹೇಗೂ ಒದಗಿಸುತ್ತಾನೆ. ಆರ್ ಬ್ಲಾಕಿನ ಗದ್ದೆಯ ಆಳು ತನ್ನ ಟಿಕೇಟಿನ ಜೊತೆಗೆ ಅದನ್ನು ಕೇಳಬಲ್ಲನೆಂಬುದು ಅವನಿಗೇ ತಿಳಿದಿಲ್ಲ. ಕಾಗದದಲ್ಲಿರುವ ಹಕ್ಕಿಗೂ ಕೈಗೆ ಸಿಗುವ ಹಕ್ಕಿಗೂ ಇರುವ ಅಂತರವನ್ನು ಗಡಿನಾಡಿನ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ಇದು ಬರಿಯ ಅನುಕೂಲದ ಮಾತೂ ಅಲ್ಲ. 2002ರ ಜುಲೈ 27ರಂದು ಇದೇ ವೇಂಬನಾಡಿನಲ್ಲಿ ಮುಹಮ್ಮದಿಂದ ಕುಮರಗಕ್ಕೆ ಹೊರಟಿದ್ದ ಬೋಟು ಮುಳುಗಿ 29 ಮಂದಿ ಸತ್ತರು. ಆ ಬೋಟಿನಲ್ಲಿ ಕಿಕ್ಕಿರಿದಿದ್ದವರಲ್ಲಿ ಅನೇಕರು ಲೋಕಸೇವಾ ಆಯೋಗದ ಪರೀಕ್ಷೆ ಬರೆಯಲು ಹೊರಟವರು. ವೈಫೈ ಯಾವ ಬೋಟನ್ನೂ ತೇಲಿಸದು. ಹತ್ತಿದವರ ಲೆಕ್ಕ, ಲೈಫ್ ಜಾಕೆಟ್, ಗಟ್ಟಿಯಾದ ಒಡಲು ಮೊದಲು ಬೇಕು. ಆದರೆ ಬೋಟು ಎಲ್ಲಿದೆ, ಅದರಲ್ಲಿ ಎಷ್ಟು ಜನರಿದ್ದಾರೆ ಎಂಬುದು ದಡದ ಕಚೇರಿಗೆ ಪ್ರತಿ ನಿಮಿಷವೂ ತಿಳಿಯಬೇಕಾದರೆ ಅದಕ್ಕೂ ಇದೇ ಆಂಟೆನಾ, ಇದೇ ರೂಟರು.

ಕೋಟ್ಟಯಂ ಹತ್ತಿರವಾದಂತೆ ಬೋಟು ಇಕ್ಕಟ್ಟಾದ ತೋಡಿಗೆ ನುಗ್ಗುತ್ತದೆ. ಅಡ್ಡಲಾಗಿರುವ ಕಾಲುಸೇತುವೆಗಳನ್ನು ದಡದವರು ಹಗ್ಗ ಎಳೆದು ಎತ್ತಿ ದಾರಿ ಬಿಡುತ್ತಾರೆ. ಅಂಥ ಒಂದು ಸೇತುವೆಯ ಬಳಿ ಆ ಯುವತಿಯ ಅರ್ಜಿ ಹೋಯಿತು.

ಕೊಲ್ಲಂನಿಂದ ಕೋಟ್ಟಪ್ಪುರಂವರೆಗಿನ ಮೂರನೆಯ ರಾಷ್ಟ್ರೀಯ ಜಲಮಾರ್ಗ 1993ರದ್ದು. 2016ರಲ್ಲಿ ಅದು ಕೋಳಿಕ್ಕೋಡುವರೆಗೆ ಬೆಳೆಯಿತು. ಕೋವಳಂನಿಂದ ಬೇಕಲದವರೆಗೂ ಜಲಮಾರ್ಗ ತೆರೆಯುವ ಯೋಜನೆ ರಾಜ್ಯ ಸರಕಾರದ ಮುಂದಿದೆ. ಎಂದರೆ ಇದು ನಮ್ಮ ಜಿಲ್ಲೆಯ ಕವ್ವಾಯಿ ಹಿನ್ನೀರಿಗೂ, ಕಡಲಿಗೂ ಹೊಳೆಗೂ ನಡುವೆ ಉದ್ದಕ್ಕೆ ಚಾಚಿರುವ ವಲಿಯಪರಂಬಕ್ಕೂ ಸಂಬಂಧಿಸಿದ ವಿಷಯ. ಅಲ್ಲಿಯ ಗ್ರಾಮಸಭೆಯಲ್ಲಿ ಮುಂದಿನ ಸಲ ಕಡವಿನ ದುರಸ್ತಿಯ ಮಾತು ಬಂದಾಗ ದೀಪ, ಮಾಡು, ಕುಡಿಯುವ ನೀರಿನ ಕೆಳಗೆ ವೈಫೈ ಎಂಬ ನಾಲ್ಕನೆಯ ಬೇಡಿಕೆಯನ್ನೂ ಬರೆಸಿ, ನಡಾವಳಿಯ ಪ್ರತಿಯೊಂದನ್ನು ಕೇಳಿ ಪಡೆದುಕೊಳ್ಳಿ.