ಮುಚ್ಚಳ ಮರೆತ ರಾತ್ರಿ

ಮನೆಯಲ್ಲಿ ಸಮುದ್ರವನ್ನು ಸಾಕುವುದು ಹುಚ್ಚಲ್ಲದೆ ಮತ್ತೇನು ಎಂದು ನಮ್ಮ ತಾಯಿಯವರು ಹೇಳುತ್ತಿದ್ದರು. ನಾನು ಕೇಳಲಿಲ್ಲ. ನಡುಮನೆಯ ಗಾಜಿನ ತೊಟ್ಟಿಯಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೆರೆಸಿದ ನೀರು. ಅದರಲ್ಲಿ ಕೆಲವು ಮೀನುಗಳು. ಅವುಗಳ ಜೊತೆಗೆ ಒಂದು ದಿನ ಮಾಲ್ಡೀವ್ಸ್ ದ್ವೀಪಗಳಿಂದ ಬಂದ ರಾಸ್ ಮೀನೊಂದನ್ನು ತಂದೆನು.

ಬೆರಳುದ್ದದ ಪ್ರಾಣಿ, ಮೈಯೆಲ್ಲ ಗುಲಾಬಿ, ಕಿತ್ತಳೆ, ನೇರಳೆಗೆ ತಿರುಗಿದ ಕೆಂಪು. ಇದರ ವಾಸವು 40ರಿಂದ 70 ಮೀಟರ್ ಆಳದ ಹವಳದ ದಿಬ್ಬಗಳಲ್ಲಿ. ಬಿಸಿಲಿನ ಕೆಂಪು ಅಷ್ಟು ಆಳಕ್ಕೆ ಇಳಿಯದು. ಆದುದರಿಂದ ನಾವು ಮರುಳಾಗುವ ಈ ಬಣ್ಣವು ಅಲ್ಲಿ ನಮ್ಮ ಕಣ್ಣಿಗೆ ಮಂಕಾಗಿಯೇ ತೋರುವುದು. 1990ರ ದಶಕದಲ್ಲಿಯೇ ಪ್ರಾಣಿಶಾಸ್ತ್ರಜ್ಞರು ಇದನ್ನು ಕಂಡಿದ್ದರೂ, 1983ರಲ್ಲಿ ಚಾಗೋಸ್ ದ್ವೀಪಗಳ ಒಂದೇ ಒಂದು ಮರಿಯನ್ನು ನೋಡಿ ಹೆಸರಿಸಿದ್ದ ಬೇರೊಂದು ಜಾತಿಯೆಂದು ಬಗೆದಿದ್ದರು. 2022ರಲ್ಲಿ ಇದಕ್ಕೆ ಸಿರ್ಹಿಲಾಬ್ರಸ್ ಫಿನಿಫೆನ್ಮಾ ಎಂದು ನಾಮಕರಣವಾಯಿತು. ಫಿನಿಫೆನ್ಮಾ ಎಂದರೆ ದಿವೆಹಿ ಭಾಷೆಯಲ್ಲಿ ಗುಲಾಬಿ. ಅದು ಆ ನಾಡಿನ ರಾಷ್ಟ್ರಪುಷ್ಪ. ಹೆಸರಿಟ್ಟವರಲ್ಲಿ ಆ ನಾಡಿನವರೇ ಆದ ಅಹ್ಮದ್ ನಜೀಬರೂ ಒಬ್ಬರು. ಆದರೆ ಹೆಸರು ಬರುವ ಮೊದಲೇ ಅಂಗಡಿಯಲ್ಲಿ ಇದಕ್ಕೆ ಬೆಲೆ ಬಂದಿತ್ತು!

ಮೊದಲ ದಿನಗಳಲ್ಲಿ ಅದು ಹೊಸ ಸೊಸೆಯಂತೆ ಮೂಲೆ ಹಿಡಿಯಿತು. ದೀಪವನ್ನು ಮಂದಮಾಡಿದೆನು. ಸಮುದ್ರದಲ್ಲಿ ತೇಲಿಬರುವ ಕಿರುಜೀವಿಗಳನ್ನು ಹಗಲೆಲ್ಲ ಹೆಕ್ಕಿ ತಿನ್ನುವ ಮೀನಾದುದರಿಂದ ದಿನಕ್ಕೆ ಮೂರಾವರ್ತಿ ಸಣ್ಣ ಸೀಗಡಿಯ ಚೂರುಗಳನ್ನು ಹಾಕಿದೆನು. ಕೆಲವು ದಿನಗಳಲ್ಲಿ ನನ್ನ ಕೈಯ ನೆರಳು ಕಂಡರೆ ಮುಂದಕ್ಕೆ ಬರುತ್ತಿತ್ತು. ರಾತ್ರಿ ಲೋಳೆಯ ತೆಳು ಗುಡಾರವನ್ನು ಕಟ್ಟಿಕೊಂಡು ಮಲಗುತ್ತಿತ್ತು.

ಬೆದರಿದರೆ ಮೇಲಕ್ಕೆ ಚಿಮ್ಮುವುದು ಈ ಕುಲದ ಸ್ವಭಾವ. ಅದನ್ನು ತಿಳಿದೇ ಬಲೆಯ ಮುಚ್ಚಳ ಮಾಡಿಸಿದ್ದೆನು. ಒಂದು ರಾತ್ರಿ ಗಾಜನ್ನು ಒರಸಿ, ಮುಚ್ಚಳವನ್ನು ಗೋಡೆಗೆ ಒರಗಿಸಿ, ಹಾಗೆಯೇ ಮರೆತು ಮಲಗಿಬಿಟ್ಟೆನು. ಬೆಳಿಗ್ಗೆ ಮಗಳು ಅದನ್ನು ನೆಲದ ಮೇಲೆ ಕಂಡಳು. ಬಣ್ಣ ಆಗಲೇ ಮಾಸಿತ್ತು.

“ಅಪ್ಪಾ, ಅದೇಕೆ ಹಾರಿತು?” ಎಂದಳು.

ಏನು ಹೇಳಲಿ? ಅದರ ಮನೆಯಲ್ಲಿ ಬೆದರಿ ಎಷ್ಟು ಚಿಮ್ಮಿದರೂ ಮೇಲೆ 40 ಮೀಟರ್ ನೀರಿರುವುದು. ನನ್ನ ಮನೆಯಲ್ಲಿದ್ದುದು ಎರಡಡಿ. ಅದರ ಮೇಲೆ ಕಾವಲಿರುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು.

ವಾಚಕರಲ್ಲಿ ಇಂತಹ ಮೀನನ್ನು ಸಾಕುವ ಆಸೆಯುಳ್ಳವರಿದ್ದರೆ, ಸಣ್ಣ ಕಣ್ಣಿನ ಬಲೆಯ ಮುಚ್ಚಳವನ್ನು ಮೀನಿಗಿಂತ ಮೊದಲೇ ಕೊಳ್ಳಿರಿ, ಕೊಂಡಮೇಲೆ ಮರೆಯದಿರಿ. ನಾನಂತೂ ಆ ಗುಲಾಬಿಯನ್ನು ಮತ್ತೆ ತರಲಿಲ್ಲ. ಉಳಿದ ಮೀನುಗಳಿಗಾಗಿ ತೊಟ್ಟಿ ಇದೆ. ಮಲಗುವ ಮುನ್ನ ಮಗಳು ಮುಚ್ಚಳವನ್ನು ಒಮ್ಮೆ ಮುಟ್ಟಿನೋಡುವಳು. ಅವಳು ಮಲಗಿದ ಮೇಲೆ ನಾನೂ ಒಮ್ಮೆ ಮುಟ್ಟಿನೋಡುವೆನು.