‘ಕ್ಲಚ್ ಹೋಗಿದೆ’ ಅಂದರೆ ಏನು ಹೋಗಿದೆ?

ಒಂದು ಕಾಲದಲ್ಲಿ ಡಾಕ್ಟರ ಬಳಿ ಹೋದವರಿಗೆಲ್ಲ ‘ಗ್ಯಾಸ್ಟ್ರಿಕ್’ ಇರುತ್ತಿತ್ತು. ಎದೆ ಉರಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್, ರಾತ್ರಿ ನಿದ್ದೆ ಬಾರದಿದ್ದರೂ ಅದೇ. ಹಳೆಯ ಕಾರುಗಳಿಗೂ ಅಂಥದೊಂದು ಸರ್ವಸಾಮಾನ್ಯ ಕಾಯಿಲೆಯಿದೆ. ಅದರ ಹೆಸರು ‘ಕ್ಲಚ್ ಹೋಗಿದೆ’. ಗೇರ್ ಬೀಳದಿದ್ದರೂ ಕ್ಲಚ್ ಹೋಗಿದೆ, ಘಾಟಿ ಹತ್ತದಿದ್ದರೂ ಕ್ಲಚ್ ಹೋಗಿದೆ, ಕಾರು ನಡುಗಿದರೂ ಕ್ಲಚ್ ಹೋಗಿದೆ. ಎಲ್ಲಿಗೆ ಹೋಗಿದೆ, ಯಾಕೆ ಹೋಗಿದೆ ಎಂದು ಕೇಳುವವರು ಕಡಿಮೆ. ಬಿಲ್ಲು ಬಂದ ಮೇಲೆ ಕೇಳಿ ಪ್ರಯೋಜನವೂ ಇಲ್ಲ ಅನ್ನಿ.

ನಮ್ಮ ಮನೆಯದು 1998ರ ಮಾರುತಿ 800. 1983ರ ಡಿಸೆಂಬರಿನಲ್ಲಿ ಮೊದಲ ಗಿರಾಕಿಯ ಕೈಸೇರಿ, 2014ರ ಜನವರಿಯಲ್ಲಿ ತಯಾರಿಕೆ ನಿಂತುಹೋದ ಆ ಪುಟ್ಟ ಕಾರಿನ ವಂಶದವನು. 796 ಸಿ.ಸಿ.ಯ ಎಂಜಿನ್, ಮೂರು ಸಿಲಿಂಡರ್, ನಾಲ್ಕು ಗೇರ್. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಳ್ಳುತ್ತ ಬಂದಿದ್ದೇವೆ. ನಮ್ಮ ಸಾಗರದ ಕಡೆಯ ಮಳೆಗೆ ಬಾಗಿಲಿನ ಕೆಳಗೆ ತುಕ್ಕು ಹಿಡಿದಿದೆ. ಪ್ರೌಢಶಾಲೆಯಲ್ಲಿ ಗಣಿತ ಹೇಳುವ ಮೇಷ್ಟ್ರ ಮನೆಗೆ ಅಷ್ಟು ಸಾಕು.

ಈ ಮೇ ತಿಂಗಳಲ್ಲಿ ಅದು ರಿವರ್ಸ್ ಗೇರ್ ಹಾಕುವಾಗ ‘ಕರ್ರ್’ ಎಂದು ಕೂಗತೊಡಗಿತು. ನಾಲ್ಕು ದಿನ ಬಿಟ್ಟು ಒಂದನೇ ಗೇರೂ ಮುಷ್ಕರ ಹೂಡಿತು. ಪೇಟೆಯ ಒಂದು ದೊಡ್ಡ ವರ್ಕ್‌ಶಾಪಿಗೆ ಒಯ್ದೆ. ಅಲ್ಲಿನ ಯುವಕ ಬಾನೆಟ್ ಎತ್ತಲಿಲ್ಲ, ಒಳಗೆ ಕೂರಲೂ ಇಲ್ಲ. ಹತ್ತು ಹೆಜ್ಜೆ ದೂರದಿಂದಲೇ ಆ ಕೂಗು ಕೇಳಿ, ‘ಕ್ಲಚ್ ಹೋಗಿದೆ ಸಾರ್. ಪ್ಲೇಟ್ ಸವೆದಿದೆ. ಗೇರ್‌ಬಾಕ್ಸ್ ಇಳಿಸಿ ಪೂರ್ತಿ ಸೆಟ್ ಹಾಕಬೇಕು. ಎಂಟು ಸಾವಿರದ ಮೇಲೆ ಆಗುತ್ತೆ’ ಎಂದ.

ಎಂಟು ಸಾವಿರ ದೊಡ್ಡದೇ, ಸಣ್ಣದೇ ಎಂಬುದು ಯಾವಾಗ ಬಂತು ಎನ್ನುವುದರ ಮೇಲೆ ಹೋಗುತ್ತದೆ. ನಮಗೆ ಬಂದದ್ದು ಮಗಳ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ. ಅವಳ ಮುಂದಿನ ಓದಿಗೆಂದು ಎತ್ತಿಟ್ಟ ಹಣದ ಪಕ್ಕದಲ್ಲಿ ಬೇರೆ ಹಣವಿರಲಿಲ್ಲ. ಅದಕ್ಕಿಂತ ದೊಡ್ಡ ತಕರಾರು ಮನೆಯೊಳಗೇ ಇತ್ತು. ಅಂಕಗಳು ಚೆನ್ನಾಗಿಯೇ ಬಂದಿದ್ದವು. ಮಗಳು ಪಿಯುಸಿ ಬೇಡ, ಪಾಲಿಟೆಕ್ನಿಕ್‌ಗೆ ಸೇರಿ ಆಟೊಮೊಬೈಲ್ ಡಿಪ್ಲೊಮಾ ಓದುತ್ತೇನೆ ಎಂದಳು. ನನ್ನ ಹೆಂಡತಿ ಮಾತು ಬಿಟ್ಟಳು. ಭಾವಮೈದ ಫೋನಿನಲ್ಲಿ, ‘ಇಷ್ಟು ಮಾರ್ಕ್ಸ್ ತೆಗೆದ ಹುಡುಗಿ ಗ್ರೀಸ್ ಮೆತ್ತಿಕೊಳ್ಳೋದಾ ಭಾವ? ಆ ಡಬ್ಬಾನೂ ಗುಜರಿಗೆ ಹಾಕಿ, ಆ ಯೋಚನೇನೂ ಗುಜರಿಗೆ ಹಾಕಿ’ ಎಂದ. ಒಂದೇ ಏಟಿಗೆ ಎರಡು ಹಕ್ಕಿ.

ಮಗಳು ಕೇಳಿದ್ದು ಒಂದೇ ಪ್ರಶ್ನೆ. ‘ಅಪ್ಪಾ, ಕ್ಲಚ್ ಜಾರ್ತಾ ಇದೆಯೋ, ಬಿಡ್ತಾ ಇಲ್ಲವೋ?’

ಈ ಪ್ರಶ್ನೆಯ ಬೆಲೆ ಗೊತ್ತಾಗಬೇಕಾದರೆ ಕ್ಲಚ್ ಎಂಬುದು ಏನು ಎಂದು ಸ್ವಲ್ಪ ನೋಡಬೇಕು. ಎಂಜಿನ್ ಸದಾ ತಿರುಗುತ್ತಿರುತ್ತದೆ. ಚಕ್ರ ಒಮ್ಮೆ ತಿರುಗಬೇಕು, ಒಮ್ಮೆ ನಿಲ್ಲಬೇಕು. ಇಬ್ಬರ ನಡುವೆ ಸಂಬಂಧ ಕೂಡಿಸುವ, ಬಿಡಿಸುವ ದಲ್ಲಾಳಿಯೇ ಕ್ಲಚ್. ಎಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರದ ಚಕ್ರ. ಅದಕ್ಕೆ ಎದುರಾಗಿ ಪ್ರೆಷರ್ ಪ್ಲೇಟ್. ಎರಡರ ನಡುವೆ, ಎರಡು ತಟ್ಟೆಗಳ ನಡುವೆ ಹಪ್ಪಳ ಇಟ್ಟಂತೆ, ಒರಟು ಲೈನಿಂಗ್ ಅಂಟಿಸಿದ ಕ್ಲಚ್ ಪ್ಲೇಟ್. ಈ ಹಪ್ಪಳ ಗೇರ್‌ಬಾಕ್ಸಿನ ದಂಡಕ್ಕೆ ಸೇರಿದ್ದು. ನೀವು ಪೆಡಲ್ ಮುಟ್ಟದಿದ್ದಾಗ ಬಲವಾದ ಸ್ಪ್ರಿಂಗ್ ಒಂದು ಮೂರನ್ನೂ ಅದುಮಿ ಹಿಡಿದಿರುತ್ತದೆ. ಘರ್ಷಣೆಯಿಂದ ಮೂರೂ ಒಟ್ಟಿಗೆ ತಿರುಗುತ್ತವೆ. ಪೆಡಲ್ ಒತ್ತಿದರೆ ಕೇಬಲ್ ಒಂದು ತೋಳನ್ನು ಎಳೆಯುತ್ತದೆ, ತೋಳು ಬೇರಿಂಗನ್ನು ದೂಡುತ್ತದೆ, ಬೇರಿಂಗ್ ಸ್ಪ್ರಿಂಗಿನ ಬೆರಳುಗಳನ್ನು ಒತ್ತುತ್ತದೆ, ಹಿಡಿತ ಸಡಿಲವಾಗುತ್ತದೆ. ಒಂಬತ್ತನೇ ತರಗತಿಯ ವಿಜ್ಞಾನ ಓದಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಹಾಗಾಗಿ ಕ್ಲಚ್ ಕೆಡುವುದರಲ್ಲಿ ಮುಖ್ಯವಾಗಿ ಎರಡು ಜಾತಿ, ಅವು ಒಂದಕ್ಕೊಂದು ಪೂರ್ತಿ ವಿರುದ್ಧ. ಹಿಡಿಯಬೇಕಾದಾಗ ಹಿಡಿಯದಿರುವುದು ಜಾರುವಿಕೆ: ಎಂಜಿನ್ ಗೋಳಿಡುತ್ತದೆ, ಕಾರು ಮುಂದೆ ಹೋಗುವುದಿಲ್ಲ, ಏನೋ ಸುಟ್ಟ ವಾಸನೆ ಬರುತ್ತದೆ. ಇದು ಮೊದಲು ಗೊತ್ತಾಗುವುದು ಏರಿನಲ್ಲಿ, ಮೇಲಿನ ಗೇರಿನಲ್ಲಿ, ಆಕ್ಸಿಲರೇಟರ್ ಒತ್ತಿದಾಗ. ಕೆಳಗಿನ ಗೇರಿನಲ್ಲಿ ಕಾರು ಸುಲಭವಾಗಿ ಮುಂದೆ ಸರಿಯುವುದರಿಂದ ಕ್ಲಚ್ಚಿನ ಮೇಲೆ ಅಷ್ಟು ಹೊರೆ ಬೀಳುವುದಿಲ್ಲ. ಬಿಡಬೇಕಾದಾಗ ಬಿಡದಿರುವುದು ಇನ್ನೊಂದು ಜಾತಿ: ಪೆಡಲ್ ಒತ್ತಿದರೂ ಗೇರ್‌ಬಾಕ್ಸಿನ ದಂಡ ತಿರುಗುತ್ತಲೇ ಇರುತ್ತದೆ, ಗೇರ್ ಬೀಳುವುದಿಲ್ಲ, ರಿವರ್ಸ್ ಹಲ್ಲು ಕಡಿಯುತ್ತದೆ. ಇವೆರಡಕ್ಕೂ ‘ಕ್ಲಚ್ ಹೋಗಿದೆ’ ಎಂಬ ಒಂದೇ ಹೆಸರಿಡುವುದು, ಬೇಧಿಗೂ ಮಲಬದ್ಧತೆಗೂ ‘ಹೊಟ್ಟೆ ಸರಿಯಿಲ್ಲ’ ಅಂದಂತೆ. ಹೇಳಿದ್ದು ಸುಳ್ಳಲ್ಲ, ಆದರೆ ಔಷಧಿ ಬೇರೆ ಬೇರೆ.

ನಮ್ಮ ಬೀದಿಯ ಕೊನೆಗೆ ಹಲಸಿನ ಮರದ ಕೆಳಗೊಂದು ಗ್ಯಾರೇಜಿದೆ. ಬೋರ್ಡಿಲ್ಲ. ಅದರ ಯಜಮಾನರು ನನ್ನ ವಾರಿಗೆಯವರು, ಮಾತು ಕಡಿಮೆ. ಕಾರನ್ನು ಹೇಗೋ ಅಲ್ಲಿಗೆ ಒಯ್ದೆವು. ಅವರು ಮೊದಲು ಕೈಗೆ ಪಾನ ತೆಗೆದುಕೊಳ್ಳಲಿಲ್ಲ; ಹಳೆಯ ಕಾಲದ ಪಂಡಿತರ ಹಾಗೆ ಪ್ರಶ್ನೆ ಕೇಳತೊಡಗಿದರು. ‘ಒಮ್ಮೆಲೇ ಬಂತೋ, ಸ್ವಲ್ಪ ಸ್ವಲ್ಪವೋ ಮೇಷ್ಟ್ರೇ? ಘಾಟಿಯಲ್ಲಿ ಎಳೀತದೋ? ವಾಸನೆ?’ ವಾರದ ಹಿಂದಷ್ಟೇ ಗೇರುಸೊಪ್ಪೆ ಘಾಟಿ ಹತ್ತಿ ಬಂದಿದ್ದೆವು. ಎಳೆತದಲ್ಲಿ ಕೊರತೆಯಿರಲಿಲ್ಲ, ವಾಸನೆಯೂ ಇರಲಿಲ್ಲ. ಆಮೇಲೆ, ‘ಪೆಡಲ್ ಹ್ಯಾಗಿದೆ? ಸಡಿಲವಾಗಿದೆಯೋ, ಬಿಗಿಯಾಗಿದೆಯೋ?’

‘ಸಡಿಲ ಆಗಿದೆ ಮಾಮ’ ಎಂದಳು ಮಗಳು. ಅವಳಿಗಿನ್ನೂ ಹದಿನಾರು, ರಸ್ತೆಯಲ್ಲಿ ಓಡಿಸುವಂತಿಲ್ಲ. ನಿಂತ ಕಾರಿನ ಪೆಡಲ್ ಒತ್ತಿ ನೋಡುವುದಕ್ಕೆ ಲೈಸೆನ್ಸ್ ಬೇಡವಲ್ಲ. ‘ಮೊದಲು ಸ್ವಲ್ಪ ಒತ್ತಿದ್ರೆ ಬಿಗಿ ಸಿಗ್ತಿತ್ತು. ಈಗ ಅರ್ಧ ಹೋಗೋವರೆಗೂ ಏನೂ ಸಿಗಲ್ಲ.’

ಯಜಮಾನರು ಅವಳ ಕಡೆ ತಿರುಗಿದರು. ಅಲ್ಲಿಂದ ಮುಂದೆ ಅವರು ಮಾತಾಡಿದ್ದು ಅವಳ ಜೊತೆಗೆ. ನಾನು ಕಾರಿನ ಯಜಮಾನ ಮಾತ್ರ.

‘ಎಂಜಿನ್ ಆಫ್ ಮಾಡು ಪುಟ್ಟೀ. ಈಗ ಗೇರ್ ಹಾಕಿ ನೋಡು.’ ಬೆಣ್ಣೆಯಲ್ಲಿ ಬೆರಳಿಟ್ಟಂತೆ ನಾಲ್ಕೂ ಗೇರು ಬಿದ್ದವು, ರಿವರ್ಸ್ ಸಹ. ಇದು ಬಿಡಿಕಾಸಿನ ಖರ್ಚಿಲ್ಲದ ಪರೀಕ್ಷೆ, ಹಳೆಯ ಕಾರಿರುವ ಎಲ್ಲರೂ ತಿಳಿದಿರಬೇಕಾದದ್ದು. ಎಂಜಿನ್ ನಿಂತಾಗಲೂ ಗೇರ್ ಬೀಳದಿದ್ದರೆ ದೋಷ ಗೇರಿನ ಸರಳಿನಲ್ಲೋ, ಗೇರ್‌ಬಾಕ್ಸಿನಲ್ಲೋ ಇದೆ. ನಿಂತಾಗ ಬಿದ್ದು, ಓಡುವಾಗ ಬೀಳದಿದ್ದರೆ ಕ್ಲಚ್ ಬಿಡುತ್ತಿಲ್ಲ ಎಂದರ್ಥ. ಅಲ್ಲಿಗೆ ಅರ್ಧ ರೋಗ ಗೊತ್ತಾಯಿತು.

ಇನ್ನರ್ಧಕ್ಕೆ ಯಜಮಾನರು ಅವಳಿಗೊಂದು ಲೆಕ್ಕ ಕೊಟ್ಟರು. ಸೈಕಲ್ಲಿನ ಬ್ರೇಕಿನ ರಬ್ಬರ್ ಸವೆದರೆ ಹಿಡಿ ಸಡಿಲವಾಗುತ್ತದೆ. ಹಾಗಾದರೆ ಕ್ಲಚ್ ಪ್ಲೇಟ್ ಸವೆದರೆ ಪೆಡಲ್ ಏನಾಗಬೇಕು? ನಾನಾದರೆ ಸಡಿಲವಾಗಬೇಕು ಎನ್ನುತ್ತಿದ್ದೆನೋ ಏನೋ. ನನ್ನನ್ನು ಯಾರೂ ಕೇಳಲಿಲ್ಲ. ಮಗಳು ಒಂದು ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಗೀಚುತ್ತ ಕುಳಿತಳು. ಪ್ಲೇಟ್ ತೆಳ್ಳಗಾದರೆ ಪ್ರೆಷರ್ ಪ್ಲೇಟ್ ಫ್ಲೈವೀಲಿನ ಕಡೆ ಸರಿಯುತ್ತದೆ. ಸ್ಪ್ರಿಂಗಿನ ಹೊರ ಅಂಚು ಅದರೊಡನೆ ಆ ಕಡೆ ಹೋಗುತ್ತದೆ. ಹೊರ ಅಂಚು ಆ ಕಡೆ ಹೋದರೆ, ತಕ್ಕಡಿಯ ಒಂದು ತಟ್ಟೆ ಇಳಿದಾಗ ಇನ್ನೊಂದು ಏರುವಂತೆ, ಒಳಗಿನ ಬೆರಳುಗಳು ಈ ಕಡೆ, ಬೇರಿಂಗಿನ ಹತ್ತಿರ ಬರುತ್ತವೆ. ಅಂದರೆ ನಡುವಿನ ಸಂದು ಕಿರಿದಾಗುತ್ತದೆ.

‘ಸಡಿಲ ಕಡಿಮೆ ಆಗ್ಬೇಕು ಮಾಮ. ನಮ್ಮದು ಜಾಸ್ತಿ ಆಗಿದೆ. ಅಂದ್ರೆ ಪ್ಲೇಟ್ ಅಲ್ಲ, ಕೇಬಲ್!’

ಯಜಮಾನರು ಬಾನೆಟ್ ಎತ್ತಿದರು. ನಾನು ಪೆಡಲ್ ಒತ್ತಿದೆ. ಗೇರ್‌ಬಾಕ್ಸಿನ ಬಳಿ ಕೇಬಲ್ ಸೇರುವ ತೋಳು ಅಲ್ಲಾಡಿತೇ ಹೊರತು ಸರಿಯಲಿಲ್ಲ. ಬಿಗಿ ಮಾಡುವ ನಟ್ಟು ತನ್ನ ಮರೆಯ ಕೊನೆ ಮುಟ್ಟಿತ್ತು. ಇನ್ನು ತಿರುಗಿಸಲು ಜಾಗವಿಲ್ಲ. ಕೇಬಲ್ ಬಿಚ್ಚಿದಾಗ ಪೆಡಲಿಗೆ ಸಿಕ್ಕಿಸುವ ತುದಿಯಲ್ಲಿ ತಂತಿಯ ಎಳೆಗಳು ಅರ್ಧಕ್ಕರ್ಧ ಕಡಿದು, ಉಳಿದವು ಜಗ್ಗಿದ್ದವು. ಹೊರಗಿನ ಕವಚವೂ ಒಂದು ಕಡೆ ಬಿರಿದಿತ್ತು. ಪೆಡಲಿನ ಒತ್ತಡದಲ್ಲಿ ಬಹುಪಾಲು ಆ ಜಗ್ಗಾಟಕ್ಕೇ ಸಂದಾಯವಾಗುತ್ತಿತ್ತು. ಇನ್ನು ಕೆಲವು ದಿನ ಓಡಿಸಿದ್ದರೆ ಪೂರ್ತಿ ತುಂಡಾಗಿ ಎಲ್ಲಿಯಾದರೂ ತಿರುವಿನಲ್ಲಿ ನಿಲ್ಲುತ್ತಿದ್ದೆವು.

ಹೊಸ ಕೇಬಲ್ ನಾಲ್ಕುನೂರು ರೂಪಾಯಿಯೊಳಗೆ ಸಿಕ್ಕಿತು. ಹಾಕಿದ ಮೇಲೆ ಪೆಡಲಿಗೆ ಎಷ್ಟು ಸಡಿಲ ಬಿಡಬೇಕೆಂಬುದನ್ನು ಕಾರಿನ ಜೊತೆ ಬಂದ ಪುಸ್ತಕ ನೋಡಿ ಸರಿಮಾಡಿದರು. ಈ ಸಡಿಲದ ವಿಷಯದಲ್ಲಿ ಧಾರಾಳವೂ ಸಲ್ಲದು, ಜಿಪುಣತನವೂ ಸಲ್ಲದು. ಹೆಚ್ಚಾದರೆ ಕ್ಲಚ್ ಬಿಡುವುದಿಲ್ಲ. ಇಲ್ಲವೇ ಇಲ್ಲದಿದ್ದರೆ ಬೇರಿಂಗ್ ಸದಾ ಒತ್ತುತ್ತಲೇ ಇದ್ದು, ಹಿಡಿತ ಸಡಿಲವಾಗಿ, ಪ್ಲೇಟ್ ಜಾರಿ ಜಾರಿ ಸುಡುತ್ತದೆ. ಪೆಡಲಿನ ಮೇಲೆ ಕಾಲು ಊರಿಕೊಂಡೇ ಓಡಿಸುವವರ ಕಾರಿಗೂ ಇದೇ ಗತಿ.

ಪ್ಲೇಟ್ ಎಷ್ಟು ಉಳಿದಿದೆ ನೋಡೋಣ ಎಂದು ಇನ್ನೊಂದು ಪರೀಕ್ಷೆಯನ್ನೂ ಮಾಡಿಸಿದರು. ಸಮತಟ್ಟು ಜಾಗ, ಚಕ್ರಗಳಿಗೆ ಕಲ್ಲು, ಹ್ಯಾಂಡ್‌ಬ್ರೇಕ್ ಬಿಗಿ, ಎದುರಿಗೆ ಯಾರೂ ನಿಲ್ಲಬಾರದು. ಮೂರನೇ ಗೇರ್ ಹಾಕಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ನಿಧಾನ ಕ್ಲಚ್ ಬಿಟ್ಟೆ. ಹಿಡಿತ ಚೆನ್ನಾಗಿದ್ದರೆ ಎಂಜಿನ್ ಥಟ್ಟನೆ ನಿಲ್ಲಬೇಕು. ಏನೂ ಆಗದವರಂತೆ ಓಡುತ್ತಿದ್ದರೆ ಪ್ಲೇಟ್ ಜಾರುತ್ತಿದೆ. ನಮ್ಮದು ನಿಂತಿತು, ಕೊಂಚ ತಡೆದು. ‘ವಯಸ್ಸಾಗಿದೆ. ಇನ್ನೊಂದು ವರ್ಷ ದೂಡಬಹುದು’ ಎಂದರು. ಈ ಪರೀಕ್ಷೆಯನ್ನು ಪದೇ ಪದೇ ಮಾಡಬಾರದು. ಉಳಿದ ಪ್ಲೇಟೂ ಅದರಲ್ಲೇ ಸವೆದೀತು.

ಎಲ್ಲ ಸಲವೂ ಕೇಬಲ್ಲಿನಲ್ಲೇ ಮುಗಿಯುತ್ತದೆಂದು ಯಾರೂ ತಿಳಿಯಬೇಕಾಗಿಲ್ಲ. ಪೆಡಲ್ ಒತ್ತಿದಾಗ ಮಾತ್ರ ಕಿರುಗುಟ್ಟಿದರೆ ಅದು ಬೇರಿಂಗಿನ ನರಳಾಟ, ಗೇರ್‌ಬಾಕ್ಸ್ ಇಳಿಯಲೇಬೇಕು. ಪಕ್ಕದ ಬೀದಿಯವರ ಕಾರು ಕಳೆದ ಮಳೆಗಾಲವಿಡೀ ನಿಂತಲ್ಲೇ ನಿಂತು, ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೇ ಅಂಟಿಕೊಂಡಿತ್ತು. ಲಕ್ಷಣ ಮಾತ್ರ ನಮ್ಮದರದೇ. ಗೇರ್‌ಬಾಕ್ಸ್ ಇಳಿಸಿದ ಮೇಲೆ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಾಯಿಸುವುದೇ ಜಾಣತನ, ಯಾಕೆಂದರೆ ಕೂಲಿ ಅಷ್ಟೇ. ಹಾಗಾಗಿ ವರ್ಕ್‌ಶಾಪಿನ ಹುಡುಗ ಮೋಸಗಾರ ಎಂದು ನಾನು ಹೇಳಲಾರೆ. ಅವನಿಗೆ ಪ್ರಶ್ನೆ ಕೇಳಲು ಪುರುಸೊತ್ತಿರಲಿಲ್ಲ, ಅಥವಾ ಕೇಳುವುದನ್ನು ಯಾರೂ ಕಲಿಸಿರಲಿಲ್ಲ.

ಆ ರಾತ್ರಿ ಮನೆಯಲ್ಲಿ ಮಾತು ಮತ್ತೆ ಪಾಲಿಟೆಕ್ನಿಕ್ಕಿಗೆ ಬಂತು. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ. ಆಮೇಲೆ ಮನಸ್ಸಿದ್ದರೆ ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ನೇರ ಸೇರಬಹುದು. ಐಟಿಐ ಮುಗಿಸಿದವರಿಗೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ದಾರಿಯಿದೆ. ಬಾಗಿಲು ಮುಚ್ಚುವುದಿಲ್ಲ ಎಂದು ಇದನ್ನೆಲ್ಲ ಹೆಂಡತಿಗೆ ಬಿಡಿಸಿ ಹೇಳಿದೆ. ಅವಳು, ‘ಹುಡುಗರ ನಡುವೆ ಒಬ್ಬಳೇ ಇರ್ತಾಳೆ. ಅದರ ಲೆಕ್ಕ ಯಾವ ಪುಸ್ತಕದಲ್ಲಿದೆ?’ ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಗಳಲ್ಲಿತ್ತು. ‘ಗ್ಯಾರೇಜಲ್ಲಿ ಇವತ್ತು ನಾನೊಬ್ಬಳೇ ಇದ್ದೆ ಅಮ್ಮ. ಯಾರೂ ಏನೂ ಅನ್ನಲಿಲ್ಲ. ಅಪ್ಪನ್ನೇ ಯಾರೂ ಮಾತಾಡಿಸಲಿಲ್ಲ.’ ಹೆಂಡತಿಗೆ ನಗು ಬಂತು. ಒಪ್ಪಿಗೆ ಬಂದದ್ದು ಮೂರು ದಿನ ಬಿಟ್ಟು, ಅದೂ ‘ಒಂದು ವರ್ಷ ನೋಡೋಣ’ ಎಂಬ ಷರತ್ತಿನ ಮೇಲೆ. ಭಾವಮೈದನಿಗೆ ಇನ್ನೂ ಒಪ್ಪಿಗೆಯಿಲ್ಲ.

ಅರ್ಜಿ ಹಾಕಿದ್ದೇವೆ. ಪ್ಲೇಟ್ ಬದಲಾಯಿಸುವ ದಿನ ಬಂದಾಗ ಕಾಲೇಜಿನ ರಜೆ ನೋಡಿಕೊಂಡೇ ಗೇರ್‌ಬಾಕ್ಸ್ ಇಳಿಸಬೇಕು ಎಂದು ಮಗಳು ಯಜಮಾನರಿಂದ ಮಾತು ತೆಗೆದುಕೊಂಡಿದ್ದಾಳೆ. ಅವರದೂ ಒಂದು ಷರತ್ತು: ಒಳಗಿನ ಧೂಳನ್ನು ಗಾಳಿಯೂದಿ ಹಾರಿಸಬಾರದು, ಒದ್ದೆ ಬಟ್ಟೆಯಲ್ಲೇ ಒರೆಸಬೇಕು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬರಬೇಕು. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಅವರ ಗುರುಗಳಿಗೆ ಇದನ್ನು ಯಾರೂ ಹೇಳಿರಲಿಲ್ಲವಂತೆ.