ತಗ್ಗಿನ ಮನೆಯ ಮಳೆಗಣಿತ

ಕುರುಬರಹಳ್ಳಿಯಲ್ಲಿ ರಾಜಕಾಲುವೆಗೆ ಸಮೀಪವಾಗಿ, ಬೀದಿಗಿಂತ ಎರಡು ಮೆಟ್ಟಿಲು ತಗ್ಗಿನಲ್ಲಿ, ಒಂದು ಹಳೆಯ ಮನೆಯುಂಟು. ಯಜಮಾನರು ಪೌರೋಹಿತ್ಯದಿಂದ ಬಾಳಿದವರು. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದು ಹತ್ತು ವರ್ಷಗಳಾಗುತ್ತ ಬಂದವು. ಅವರನ್ನು ಮಹಡಿಗೆ ಸಾಗಿಸಬೇಕಾದರೆ ನಾಲ್ಕು ಜನ ಬೇಕು. ಆದುದರಿಂದ ಮಳೆಯ ವಿಚಾರ ಆ ಮನೆಯಲ್ಲಿ ಹೊತ್ತುಹೋಗದವರ ಮಾತಲ್ಲ.

೨೦೧೭ನೆಯ ಇಸವಿ ಅಕ್ಟೋಬರ್ ೧೩, ಶುಕ್ರವಾರ. ಸೂರ್ಯನು ಚಿತ್ತಾ ನಕ್ಷತ್ರದಲ್ಲಿದ್ದ ಕಾಲ. ಅಂದು ರಾತ್ರಿಯ ಮಳೆಗೆ ವೃಷಭಾವತಿಯ ಕಡೆಗೆ ಹರಿಯುವ ಕಾಲುವೆ ಉಕ್ಕಿ ಬೀದಿಗಳಿಗೆ ನುಗ್ಗಿತು. ಬಡಾವಣೆಯಲ್ಲಿ ಪ್ರಾಣಹಾನಿಯೂ ಆಯಿತು. ಆ ವರ್ಷ ಬೆಂಗಳೂರಿಗೆ ಬಿದ್ದ ಮಳೆ ೧೬೦೦ ಮಿಲಿಮೀಟರನ್ನು ಮೀರಿತೆಂದು ಲೆಕ್ಕ. ಈ ಮನೆಯಲ್ಲಿ ನೀರು ಮಂಚದ ಪಟ್ಟಿಗೆ ಮುಟ್ಟುವ ವೇಳೆಗೆ ಹಾದಿಹೋಕರಿಬ್ಬರು ಒಳಹೊಕ್ಕು ವೃದ್ಧರನ್ನು ಜಮಖಾನದಲ್ಲಿ ಸುತ್ತಿ ಮೇಲಕ್ಕೆ ಹೊತ್ತರು. ಆ ಇಬ್ಬರು ಯಾರೆಂಬುದು ಇಂದಿಗೂ ತಿಳಿಯದು. ಅಂದಿನಿಂದ ಅವರ ಪತ್ನಿಗೆ ಒಂದೇ ಪ್ರಶ್ನೆ: ಮುಂಚೆಯೇ ತಿಳಿಯುವ ಬಗೆಯಿಲ್ಲವೆ?

ಯಜಮಾನರಿಗೆ ಮಾತು ತೊದಲಿದರೂ ಶಾಸ್ತ್ರ ಮರೆತಿಲ್ಲ. ಬೃಹತ್ಸಂಹಿತೆಯಲ್ಲಿ ವರಾಹಮಿಹಿರಾಚಾರ್ಯರು ಮೇಘಗಳಿಗೆ ಗರ್ಭಕಾಲವನ್ನು ಹೇಳಿದ್ದಾರೆ. ಮಾರ್ಗಶಿರದಿಂದ ಆಕಾಶದ ಲಕ್ಷಣಗಳನ್ನು ಗುರುತಿಸಿಕೊಂಡು ಬಂದರೆ ೧೯೫ ದಿನಗಳ ಮೇಲೆ ಪ್ರಸವ, ಎಂದರೆ ಮಳೆ. ಇದನ್ನು ಕೇಳಿ ನಗುವುದು ಸುಲಭ. ಆದರೆ ಹವಾಮಾನ ಇಲಾಖೆಯ ಬ್ಲಾನ್‌ಫರ್ಡ್ ಸಾಹೇಬನು ೧೮೮೬ರಲ್ಲಿ ಹಿಮಾಲಯದ ಹಿಮವನ್ನು ನೋಡಿ ಮುಂಗಾರನ್ನು ಸಾರಿದಾಗಲೂ, ಅನಂತರ ವಾಕರ್ ಪಂಡಿತನು ಎರಡು ಮಹಾಸಾಗರಗಳ ವಾಯುಭಾರದ ತೂಗಾಟದಲ್ಲಿ ನಮ್ಮ ಮಳೆಯ ಸುಳಿವನ್ನು ಹುಡುಕಿದಾಗಲೂ, ಹಂಬಲವು ಇದೇ ಆಗಿದ್ದಿತು. ಒಂದು ಋತುವಿನ ಗುರುತಿನಿಂದ ಇನ್ನೊಂದು ಋತುವನ್ನು ಅರಿಯುವುದು! ಸಾಮಗ್ರಿ ಬೇರೆ, ಪರೀಕ್ಷೆಯ ಕಟ್ಟುನಿಟ್ಟು ಬೇರೆ. ಆಸೆ ಮಾತ್ರ ಹಳೆಯದು.

ಇಂದಿಗೂ ಇಲಾಖೆಯವರು ಏಪ್ರಿಲಿನಲ್ಲಿ ದೇಶದ ಮುಂಗಾರನ್ನು ಅಂದಾಜು ಮಾಡಿ ಪ್ರಕಟಿಸುತ್ತಾರೆ. ದೀರ್ಘಕಾಲದ ಸರಾಸರಿ ೮೭ ಸೆಂಟಿಮೀಟರು. ಅದರಲ್ಲಿ ನೂರಕ್ಕೆ ಎಷ್ಟೆಂಬುದು ಅವರ ಮಾತು. ಮೊಮ್ಮಗನು ಅದನ್ನು ಓದಿ ಹೇಳಿದಾಗ ಅಜ್ಜಿ, “ದೇಶಕ್ಕೆಲ್ಲ ಅಷ್ಟು ಸರಿಯಪ್ಪ, ನಮ್ಮ ಹೊಸಲಿಗೆ ಎಷ್ಟು?” ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಆಕೆ ಅರಿತುದಕ್ಕಿಂತ ಹೆಚ್ಚಿನ ನ್ಯಾಯವಿದೆ. ಆ ಅಂದಾಜು ಜೂನಿನಿಂದ ಸೆಪ್ಟೆಂಬರಿನವರೆಗಿನದು. ಇವರ ಮನೆಗೆ ನೀರು ಬಂದದ್ದು ಅಕ್ಟೋಬರಿನಲ್ಲಿ. ಬೇಸಗೆಯಲ್ಲಿ ಹೊಸಲನ್ನು ಒಂದು ಮೊಳ ಎತ್ತರಿಸಿ ಕಟ್ಟಿಸಲು ಅದು ನೆನಪು ಮಾಡಿಕೊಟ್ಟಿತು, ಅಷ್ಟೆ. ಆ ಗಾರೆಯ ಕೆಲಸ ಒಳ್ಳೆಯದೇ ಆಯಿತು.

ಮಂಚವನ್ನು ಎತ್ತುವುದಕ್ಕೆ ಬೇಕಾದುದು ಬೇರೆ. ಮೇಲಿನ ಮನೆಯ ಹುಡುಗರು ರಾತ್ರಿಪಾಳಿಯವರು, ಮಗನಿರುವುದು ಪರಸ್ಥಳ. ಎರಡು ಮೂರು ದಿನಗಳ ಸೂಚನೆಯಿದ್ದರೆ ಜನ ಕೂಡುತ್ತಾರೆ. ಎರಡು ಗಂಟೆಯದಾದರೆ ಮತ್ತೆ ಹಾದಿಹೋಕರೇ ಗತಿ.

ಕಾಲೇಜಿನಲ್ಲಿ ಓದುವ ಮೊಮ್ಮಗನು ಮಧ್ಯಮಾವಧಿಯ ಗಣಿತವನ್ನು ಹುಡುಕಿ ತೆಗೆದನು. ವಾಯುಮಂಡಲವನ್ನು ಚೌಕಗಳಾಗಿ ಹೆಣೆದು, ಪ್ರತಿಯೊಂದರಲ್ಲಿಯೂ ಗಾಳಿ, ಶಾಖ, ತೇವಗಳನ್ನು ಇಟ್ಟು, ಭೌತಶಾಸ್ತ್ರದ ಸಮೀಕರಣಗಳಿಂದ ಹೆಜ್ಜೆಹೆಜ್ಜೆಯಾಗಿ ಮುಂದಕ್ಕೆ ನಡೆಸುವುದು ಅದರ ಕ್ರಮ. ರಿಚರ್ಡ್‌ಸನ್ ಎಂಬ ಆಂಗ್ಲ ವಿದ್ವಾಂಸನು ಮೊದಲ ಮಹಾಯುದ್ಧದ ಕಾಲದಲ್ಲಿ ಆರು ಗಂಟೆಗಳ ಬದಲಾವಣೆಯನ್ನು ಹೀಗೆ ಕೈಯಿಂದಲೇ ಗುಣಿಸಿದನು. ಫಲವು ತೀರ ತಪ್ಪಾಗಿ ಬಂದಿತು. ಅದನ್ನು ಮರೆಮಾಚದೆ ೧೯೨೨ರಲ್ಲಿ ಗ್ರಂಥವಾಗಿ ಅಚ್ಚು ಹಾಕಿಸಿದ ಆ ಧೈರ್ಯವು ವಿದ್ಯಾವಂತರಲ್ಲಿ ಅಪರೂಪ. ಇಂದು ಯಂತ್ರಗಳು ಆ ಕೆಲಸ ಮಾಡುತ್ತವೆ. ನಮ್ಮ ಊರಿನ ವೈಮಾನಿಕ ಪ್ರಯೋಗಾಲಯದವರು ೧೯೮೬ರಲ್ಲಿ ಫ್ಲೋಸಾಲ್ವರ್ ಎಂಬ ಗಣಕವನ್ನು ಕಟ್ಟಿದರು; ಮುಂದೆ ಅದು ಹವಾಮಾನದ ಲೆಕ್ಕಕ್ಕೂ ದುಡಿಯಿತು. ೧೯೮೮ರಲ್ಲಿ ದೆಹಲಿಯಲ್ಲಿ ಮಧ್ಯಮಾವಧಿಯ ಮುನ್ಸೂಚನೆಗೆಂದೇ ರಾಷ್ಟ್ರೀಯ ಕೇಂದ್ರವೊಂದು ಹುಟ್ಟಿತು.

ಹುಡುಗನು ಹೆಚ್ಚಾಗಿ ನೋಡುವುದು ಅಮೆರಿಕದ ಹದಿನಾರು ದಿನಗಳ ಗಣಿತವನ್ನೂ ಯೂರೋಪಿನ ಕೇಂದ್ರದ ಹದಿನೈದು ದಿನಗಳದನ್ನೂ. ಎರಡರ ನಕ್ಷೆಗಳೂ ಕಾಸಿಲ್ಲದೆ ದೊರೆಯುತ್ತವೆ. ಯೂರೋಪಿನವರು ಒಂದೇ ಲೆಕ್ಕವನ್ನು ನಂಬುವುದಿಲ್ಲ. ಆರಂಭದ ಸ್ಥಿತಿಯನ್ನು ತುಸುತುಸು ಬದಲಿಸಿ ೫೧ ಸಲ ಗುಣಿಸುತ್ತಾರೆ. ಆರಂಭದ ಸಾಸಿವೆಯಷ್ಟು ತಪ್ಪು ದಿನಗಳೆದಂತೆ ಬೆಟ್ಟವಾಗುವುದೆಂದು ಲೊರೆಂಜನು ೧೯೬೩ರಲ್ಲಿ ತೋರಿಸಿಕೊಟ್ಟನಷ್ಟೆ. ಎರಡು ವಾರಗಳಾಚೆ ನಿರ್ದಿಷ್ಟವಾದ ದಿನದ ಮಳೆಯನ್ನು ಹೇಳಲಾಗದೆಂಬುದು ಅಲ್ಲಿಂದಲೇ ಬಂದ ಮಾತು. ಮೇಲಾಗಿ ಆ ಚೌಕವೊಂದು ಒಂಬತ್ತು ಕಿಲೋಮೀಟರು; ಕುರುಬರಹಳ್ಳಿ, ರಾಜಾಜಿನಗರ, ವಿಜಯನಗರಗಳೆಲ್ಲ ಬಹುಮಟ್ಟಿಗೆ ಒಂದೇ ಮನೆಯೊಳಗೆ ಸೇರಿಹೋಗುತ್ತವೆ. ಗುಡುಗಿನ ಮೋಡ ಯಾವ ಬೀದಿಯ ಮೇಲೆ ಒಡೆಯುವುದೆಂದು ಅದು ಹೇಳಲಾರದು. ಒಡೆಯುವಂಥ ಹವೆ ಕೂಡಿಬರುವುದನ್ನು ಮಾತ್ರ ಹೇಳೀತು.

“ಐವತ್ತೊಂದರಲ್ಲಿ ಎಷ್ಟು ಜೋರುಮಳೆ ಅನ್ನುತ್ತವೆ?” ಎಂಬುದು ಅಜ್ಜಿಯ ದಿನದ ಪ್ರಶ್ನೆ. ಹತ್ತು ದಿನ ಮೊದಲು ಏನು ಹೇಳಿದರೂ ಆಕೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಐದು ದಿನಗಳಿಂದ ಗಮನ. ಮೂರನೆಯ ದಿನ ಹದಿನೈದು ದಾಟಿ, ಮರುದಿನದ ಲೆಕ್ಕದಲ್ಲಿಯೂ ಹಾಗೆಯೇ ನಿಂತರೆ, ಮೇಲಿನ ಮನೆಯವರಿಗೆ ಹೇಳಿಕಳಿಸುತ್ತಾರೆ. ಅಂದಿನ ದಿನಕ್ಕೆ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು ವಿಜ್ಞಾನಮಂದಿರದೊಡನೆ ೨೦೨೦ರಲ್ಲಿ ಹೊರತಂದ ‘ಮೇಘಸಂದೇಶ’ವುಂಟು. ಆ ಹೆಸರನ್ನು ಕೇಳಿ ಯಜಮಾನರು ಕಾಳಿದಾಸನ ಯಕ್ಷನನ್ನು ನೆನೆದು ಅರೆಮುಖದಿಂದಲೇ ನಕ್ಕರಂತೆ.

ಕಳೆದ ಹಿಂಗಾರಿನಲ್ಲಿ ಹದಿನೆಂಟು ಎಂದವು. ನಾಲ್ವರು ಬಂದು ಮಂಚಸಮೇತ ಹೊತ್ತರು. ರಾತ್ರಿಯೆಲ್ಲ ನಕ್ಷತ್ರಗಳು ಮಿನುಗಿದವು. ಬೆಳಗ್ಗೆ ಯಜಮಾನರಿಗೆ ಬಹಳ ಕೋಪ, ಮೊಮ್ಮಗನಿಗೆ ನಾಚಿಕೆ.

“ಅಜ್ಜಿ, ಇನ್ನು ಮೇಲೆ ಇಪ್ಪತ್ತೈದು ದಾಟಿದರೆ ಮಾತ್ರ ಹೇಳುತ್ತೇನೆ” ಎಂದನು.

“ಬೇಡ ಮಗು. ಹದಿನೆಂಟು ಅಂದಾಗ ಮೂವತ್ತಮೂರು ಬರುವುದಿಲ್ಲ ಅಂದಿದ್ದವಲ್ಲ, ಅದು ನನಗೆ ಗೊತ್ತಿತ್ತು. ಹೊತ್ತವರಿಗೆ ಒಂದೊಂದು ಲೋಟ ಕಾಫಿ, ನಿಮ್ಮ ತಾತನಿಂದ ನಾಲ್ಕು ಬೈಗುಳ, ಹೋದದ್ದು ಅಷ್ಟೇ. ಹದಿನೈದೇ ಇರಲಿ” ಎಂದರು ಆಕೆ.

ಗೋಡೆಯ ಪಂಚಾಂಗದಲ್ಲಿ ಚಿತ್ತೆಯ ಮಳೆ ಹುಟ್ಟುವ ದಿನದ ಪಕ್ಕಕ್ಕೆ ಈಗಲೂ ಸೀಸದಕಡ್ಡಿಯಿಂದ ಅಂಕಿಗಳು ಬೀಳುತ್ತವೆ: ನಾಲ್ಕು, ಒಂಬತ್ತು, ಆರು. ಅವುಗಳ ಕೆಳಗೆ ನಾಲ್ವರು ಹುಡುಗರ ಪಾಳಿಯ ವೇಳೆ.